ಸೂಜಿ ಬದಲಿಸುವ ಮೊದಲು ಬಣ್ಣವನ್ನು ನೋಡಿ

ಪ್ರಶ್ನೆ: ನಾನು ಹೆಚ್ಚಾಗಿ 1/72 ಅಳತೆಯ ವಿಮಾನಗಳ ಮಾಡೆಲ್‌ಗಳನ್ನೂ ಆಗೊಮ್ಮೆ ಈಗೊಮ್ಮೆ 1/35 ಅಳತೆಯ ಟ್ಯಾಂಕುಗಳ ಮಾಡೆಲ್‌ಗಳನ್ನೂ ಕಟ್ಟುತ್ತೇನೆ. ನನ್ನ ಬಳಿ 0.3 ಮಿ.ಮೀ. ಸೂಜಿಯ, ಮೇಲೆ ಬಟ್ಟಲಿರುವ ಡ್ಯುಯಲ್ ಆಕ್ಷನ್ ಏರ್‌ಬ್ರಷ್ (ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ ಬರುವ ಸಿಂಪಡಣೆ ಉಪಕರಣ) ಇದೆ. ನೀರು ಆಧಾರಿತ ಆಕ್ರಿಲಿಕ್ ಬಣ್ಣಗಳನ್ನಷ್ಟೇ ಬಳಸುತ್ತೇನೆ. ಒಂದೆರಡು ನಿಮಿಷ ಸಿಂಪಡಿಸುವಷ್ಟರಲ್ಲಿ ಸೂಜಿಯ ತುದಿ ಕಟ್ಟಿಕೊಳ್ಳುತ್ತದೆ. ಟ್ರಿಗರ್ ಇನ್ನಷ್ಟು ಹಿಂದಕ್ಕೆಳೆದರೆ ಬಣ್ಣ ಒಮ್ಮೆಲೇ ಚಿಮ್ಮುತ್ತದೆ. ಎರಡನೆಯ ಮಹಾಯುದ್ಧದ ಜರ್ಮನ್ ವಿಮಾನಗಳ ಪಕ್ಕದಲ್ಲಿರುವ ಮಚ್ಚೆಗಳನ್ನು ಬಿಡಿಸಲು ಹೋದರೆ ಅವು ಅಗಲವಾಗಿ, ಅಂಚೆಲ್ಲ ಧೂಳು ಹಿಡಿದಂತೆ ಬರುತ್ತವೆ. 0.2 ಸೂಜಿ ಕೊಳ್ಳಿ ಎಂದು ಒಬ್ಬರು, ದ್ರಾವಕ ಆಧಾರಿತ ಲ್ಯಾಕರ್ ಬಣ್ಣಕ್ಕೆ ಬದಲಾಯಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ನಾನು ಕೆಲಸ ಮಾಡುವುದು ಮಲಗುವ ಕೋಣೆಯ ಮೂಲೆಯಲ್ಲಿ, ಮನೆಯಲ್ಲಿ ಚಿಕ್ಕ ಮಗುವಿದೆ. ಮೊದಲು ಏನನ್ನು ಬದಲಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳಿವೆ: ತುದಿ ಕಟ್ಟಿಕೊಳ್ಳುವುದು ಒಂದು, ಮಚ್ಚೆಗಳು ಅಗಲವಾಗುವುದು ಇನ್ನೊಂದು. ಎರಡಕ್ಕೂ ಸೂಜಿಯೇ ಕಾರಣ ಎಂದು ನಿಮಗೆ ಸಲಹೆ ಕೊಟ್ಟವರು ಭಾವಿಸಿದಂತಿದೆ. ಮಾಡೆಲ್‌ಗಳಿಗೆ ಬಣ್ಣ ಹಾಕುವುದನ್ನೂ ಏರ್‌ಬ್ರಷ್ ದುರಸ್ತಿಯನ್ನೂ ವೃತ್ತಿಯಾಗಿ ಮಾಡುವ ನನ್ನ ಮುಂದೆ ಇದೇ ದೂರು ಮತ್ತೆ ಮತ್ತೆ ಬರುತ್ತದೆ, ಮತ್ತು ಬಹುಪಾಲು ಸಂದರ್ಭಗಳಲ್ಲಿ ಸೂಜಿಯ ಅಳತೆ ಸರಿಯಾಗಿಯೇ ಇರುತ್ತದೆ. ನೀವು ಬಳಸುವ ಬಣ್ಣ, ಅದನ್ನು ತೆಳುಮಾಡಲು ಬೆರೆಸುವ ಥಿನ್ನರ್, ಗಾಳಿಯ ಒತ್ತಡ, ಈ ಮೂರನ್ನು ತೀರ್ಮಾನಿಸಿದ ಮೇಲಷ್ಟೇ ಸೂಜಿಯ ಪ್ರಶ್ನೆಗೆ ಅರ್ಥ ಬರುತ್ತದೆ. ಯಾವ ಬಣ್ಣ ಎಂಬುದನ್ನಾದರೂ ನಿಮ್ಮ ಮಟ್ಟಿಗೆ ಆ ಮಲಗುವ ಕೋಣೆಯೇ ತೀರ್ಮಾನಿಸಬೇಕು.

ಸೂಜಿಗೆ ಕೊಡುವ ಸಂಖ್ಯೆ ಏನನ್ನು ಹೇಳುತ್ತದೆ ಎಂಬುದರಿಂದ ಆರಂಭಿಸೋಣ. 0.3 ಎಂದರೆ ಸ್ಥೂಲವಾಗಿ ನಾಜಲ್‌ನ, ಅಂದರೆ ಬಣ್ಣ ಹೊರಬರುವ ಮೂತಿಯ, ರಂಧ್ರದ ವ್ಯಾಸ. ಸೂಜಿ ಆ ರಂಧ್ರಕ್ಕೆ ಹೊಂದುವಂತೆ ಮೊನಚು ಮಾಡಿದ ಅದರ ಜೋಡಿ. ಟ್ರಿಗರ್ ಹಿಂದಕ್ಕೆಳೆದಾಗ ಸೂಜಿ ಹಿಂದೆ ಸರಿದು, ಅದರ ಸುತ್ತ ಉಂಗುರದಂಥ ಒಂದು ಸಂದು ತೆರೆಯುತ್ತದೆ, ಬಣ್ಣ ಹೊರಬರುವುದು ಆ ಸಂದಿನಿಂದ. ಸ್ವಲ್ಪವೇ ಎಳೆದಾಗ 0.3ರ ಸಂದು 0.2ರ ಸಂದಿನಷ್ಟೇ ಕಿರಿದಾಗಿರಬಲ್ಲದು. ಆದ್ದರಿಂದ ಸಣ್ಣ ಸೂಜಿಯಿಂದ ಮಾತ್ರ ಸಣ್ಣ ಗೆರೆ ಸಾಧ್ಯ ಎಂಬುದು ನಿಜವಲ್ಲ. ಗೆರೆಯ ಅಗಲವನ್ನು ಮುಖ್ಯವಾಗಿ ನಿರ್ಧರಿಸುವುದು ಮೇಲ್ಮೈಯಿಂದ ಏರ್‌ಬ್ರಷ್ ಎಷ್ಟು ದೂರದಲ್ಲಿದೆ, ಬಣ್ಣ ಎಷ್ಟು ತೆಳುವಾಗಿದೆ, ಒತ್ತಡ ಎಷ್ಟಿದೆ ಮತ್ತು ಬೆರಳು ಟ್ರಿಗರನ್ನು ಎಷ್ಟು ನಿಯಂತ್ರಿಸುತ್ತದೆ ಎಂಬ ಸಂಗತಿಗಳು. 0.2ರ ಅನುಕೂಲ ಇರುವುದು ಬೇರೆಡೆ: ಅದರಲ್ಲಿ ಟ್ರಿಗರನ್ನು ಕೊಂಚ ಹೆಚ್ಚು ಎಳೆದರೂ ಬಣ್ಣ ಒಮ್ಮೆಲೇ ಹೆಚ್ಚಾಗುವುದಿಲ್ಲ. ಪೂರ್ತಿ ತೆರೆದಾಗ 0.3ರ ರಂಧ್ರದ ವಿಸ್ತೀರ್ಣ 0.2ರದಕ್ಕಿಂತ ಎರಡೂಕಾಲು ಪಟ್ಟು, 0.4ರದು ನಾಲ್ಕು ಪಟ್ಟು. ಅಂದರೆ ಸಣ್ಣ ಸೂಜಿ ನಡುಗುವ ಬೆರಳನ್ನು ಹೆಚ್ಚು ಕ್ಷಮಿಸುತ್ತದೆ, ಸರಿಯಾಗಿ ತೆಳುವಾಗದ ಬಣ್ಣವನ್ನು ಮಾತ್ರ ಕ್ಷಮಿಸುವುದೇ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ: ಆಕ್ರಿಲಿಕ್‌ನ ವರ್ಣದ್ರವ್ಯದ ಕಣಗಳು ದೊಡ್ಡವು, ಅದಕ್ಕಾಗಿ ನಾಜಲ್‌ನಲ್ಲಿ ಸಿಕ್ಕಿಕೊಳ್ಳುತ್ತವೆ ಎಂಬುದು. 0.2 ಮಿ.ಮೀ. ಎಂದರೆ 200 ಮೈಕ್ರಾನ್. ಚೆನ್ನಾಗಿ ಅರೆದ ಮಾಡೆಲ್ ಬಣ್ಣಗಳ ಸಾಮಾನ್ಯ ವರ್ಣದ್ರವ್ಯದ ಕಣಗಳು ಒಂದೆರಡು ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕವು. ಲೋಹದ ಬಣ್ಣಗಳಲ್ಲಿನ ಹೊಳೆಯುವ ಚಕ್ಕೆಗಳು ಮಾತ್ರ ಗಮನಾರ್ಹವಾಗಿ ದೊಡ್ಡವಾಗಿರಬಹುದು. ನಾಜಲ್‌ನಲ್ಲಿ ಸಿಕ್ಕಿಕೊಳ್ಳುವುದು ಶೀಶೆಯ ಕತ್ತಿನಲ್ಲಿ ಒಣಗಿ ಕೆಳಗೆ ಉದುರಿದ ಚೂರು, ಸರಿಯಾಗಿ ಕಲಕದೆ ಉಳಿದ ಗಂಟು, ಇಲ್ಲವೇ ಹಿಂದಿನ ಬಾರಿ ತೊಳೆಯದೆ ಬಿಟ್ಟ ಪದರ. ನಿಮಗೆ ಆಗುತ್ತಿರುವುದು ಇದೂ ಅಲ್ಲ. ಒಂದೆರಡು ನಿಮಿಷ ಸರಿಯಾಗಿ ಬಂದು ಆಮೇಲೆ ಕಟ್ಟಿಕೊಂಡರೆ ಅದು ತುದಿಯಲ್ಲಿ ಬಣ್ಣ ಒಣಗುವ ಲಕ್ಷಣ.

ಇದು ಏಕೆ ಆಗುತ್ತದೆ ಎಂದು ತಿಳಿದರೆ ಉಳಿದ ನಿರ್ಧಾರಗಳೆಲ್ಲ ಸುಲಭವಾಗುತ್ತವೆ. ಸೂಜಿಯ ತುದಿ ನಾಜಲ್‌ನಿಂದ ಸ್ವಲ್ಪ ಹೊರಗೆ ಚಾಚಿಕೊಂಡು, ವೇಗವಾಗಿ ಹರಿಯುವ ಗಾಳಿಯ ನಡುವೆ ನಿಂತಿರುತ್ತದೆ. ಅದನ್ನು ಸವರಿಕೊಂಡು ಹೋಗುವ ಬಣ್ಣದ ತೆಳು ಪೊರೆಯಿಂದ ದ್ರವ ಬೇಗ ಆವಿಯಾಗುತ್ತದೆ. ಎಲ್ಲ ಬಗೆಯ ಬಣ್ಣಗಳಿಗೂ ಹೀಗೆ ಆಗುತ್ತದೆ. ಒಣಗಿದ ಮೇಲೆ ಆಗುವುದರಲ್ಲಿ ವ್ಯತ್ಯಾಸವಿದೆ. ನೀರು ಆಧಾರಿತ ಆಕ್ರಿಲಿಕ್‌ನಲ್ಲಿ ರಾಳ (ಒಣಗಿ ಪೊರೆಯಾಗುವ ಅಂಟು) ನೀರಿನಲ್ಲಿ ಕರಗಿರುವುದಿಲ್ಲ, ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ನೀರು ಹೋದೊಡನೆ ಆ ಕಣಗಳು ಒಂದಕ್ಕೊಂದು ಅಂಟಿ ಪೊರೆಯಾಗುತ್ತವೆ, ಆ ಪೊರೆ ಮತ್ತೆ ನೀರಿನಲ್ಲಿ ಕರಗುವುದಿಲ್ಲ. ಹಿಂದಿನಿಂದ ಬರುವ ಹೊಸ ಬಣ್ಣ ಅದರ ಮೇಲೆ ಇನ್ನೊಂದು ಪದರವನ್ನು ಸೇರಿಸುತ್ತದೆ. ಲ್ಯಾಕರ್‌ನಲ್ಲಿ ರಾಳ ದ್ರಾವಕದಲ್ಲಿ ಕರಗಿರುತ್ತದೆ. ತುದಿಯಲ್ಲಿ ಒಣಗಿದರೂ ಹಿಂದಿನಿಂದ ಬರುವ ತಾಜಾ ಥಿನ್ನರ್ ಅದನ್ನು ಮತ್ತೆ ಕರಗಿಸಿಕೊಂಡು ಹೋಗುತ್ತದೆ. ಲ್ಯಾಕರ್ ಬಳಸುವವರು 0.2ರ ಸೂಜಿಯಲ್ಲಿ ದೀರ್ಘಕಾಲ ತಡೆಯಿಲ್ಲದೆ ಕೆಲಸ ಮಾಡುವುದಕ್ಕೆ ಇದೇ ಕಾರಣ, ಮತ್ತು ಅವರ ಸಲಹೆ ನಿಮ್ಮ ಬಣ್ಣಕ್ಕೆ ಹೊಂದದಿರುವುದಕ್ಕೂ ಇದೇ ಕಾರಣ. ಈಗಿನ ಬಣ್ಣ, ಈಗಿನ ಮಿಶ್ರಣವನ್ನೇ ಉಳಿಸಿಕೊಂಡು 0.2 ಸೂಜಿ ಹಾಕಿದರೆ ಎರಡು ನಿಮಿಷಕ್ಕೆ ಕಟ್ಟುವುದು ಒಂದು ನಿಮಿಷಕ್ಕೇ ಕಟ್ಟುತ್ತದೆ, ಏಕೆಂದರೆ ಅಲ್ಲಿ ಹರಿಯುವ ಬಣ್ಣ ಇನ್ನೂ ಕಡಿಮೆ.

ಹಾಗಾಗಿ 0.2ನ್ನು ಸದ್ಯಕ್ಕೆ ಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈಗ ಲ್ಯಾಕರ್‌ನ ವಿಚಾರ. ಮಿಸ್ಟರ್ ಕಲರ್, ತಮಿಯಾದ ಎಲ್‌ಪಿ ಸರಣಿ ಮುಂತಾದ ಲ್ಯಾಕರ್ ಬಣ್ಣಗಳು ಪ್ಲಾಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿಯುತ್ತವೆ, ನಯವಾಗಿ ಹರಡಿಕೊಳ್ಳುತ್ತವೆ, ನಿಮಿಷಗಳಲ್ಲಿ ಮುಟ್ಟುವಷ್ಟು ಒಣಗುತ್ತವೆ, ಮಾಸ್ಕಿಂಗ್ ಟೇಪಿನೊಂದಿಗೆ ಕಿತ್ತುಬರುವುದು ಅಪರೂಪ. ಬಣ್ಣವಾಗಿ ಅವು ಉತ್ತಮ ಎಂಬುದರಲ್ಲಿ ನನಗೆ ಸಂದೇಹವಿಲ್ಲ, ನನ್ನ ಹೆಚ್ಚಿನ ಕೆಲಸವೂ ಅವುಗಳಲ್ಲೇ ನಡೆಯುತ್ತದೆ. ಆದರೆ ಅವುಗಳ ದ್ರಾವಕದ ಆವಿ ಉಸಿರಾಟಕ್ಕೂ ನರಮಂಡಲಕ್ಕೂ ಹಾನಿಕರ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಆವಿ ಸಿಂಪಡಿಸುವ ಹೊತ್ತಿಗೆ ಮುಗಿಯುವುದಿಲ್ಲ. ಒಣಗುತ್ತಿರುವ ಮಾಡೆಲ್ ಗಂಟೆಗಟ್ಟಲೆ ಅದನ್ನು ಹೊರಬಿಡುತ್ತಲೇ ಇರುತ್ತದೆ. ಸ್ಪಂಜು ಅಥವಾ ಕಾಗದದ ಫಿಲ್ಟರ್ ಮಾತ್ರ ಇರುವ ಸ್ಪ್ರೇ ಬೂತ್ ಬಣ್ಣದ ಹನಿಗಳನ್ನು ಹಿಡಿಯುತ್ತದೆ, ಆವಿಯನ್ನು ಹಿಡಿಯುವುದಿಲ್ಲ. ಕೊಳವೆಯ ಮೂಲಕ ಗಾಳಿಯನ್ನು ಮನೆಯ ಹೊರಗೆ ಬಿಡದ ಬೂತ್ ಲ್ಯಾಕರ್‌ಗೆ ಸಾಲದು. ಬೂತ್‌ನ ಫ್ಯಾನಿನ ಮೋಟಾರ್ ಕಿಡಿ ಹಾರಿಸದ ಬಗೆಯದಾಗಿರಬೇಕು. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಸಾವಯವ ಆವಿಗೆಂದು ಗುರುತಿಸಿದ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಆ ಕಾರ್ಟ್ರಿಜ್ ಶಾಶ್ವತವಲ್ಲ: ಕಾಲಕಾಲಕ್ಕೆ ಬದಲಿಸಬೇಕು, ಮುಖವಾಡದೊಳಗೆ ವಾಸನೆ ಬರತೊಡಗಿದರೆ ಅದರ ಆಯುಷ್ಯ ಆಗಲೇ ಮುಗಿದಿದೆ. ಇಷ್ಟೆಲ್ಲ ಇದ್ದರೂ ರೆಸ್ಪಿರೇಟರ್ ರಕ್ಷಿಸುವುದು ಅದನ್ನು ಧರಿಸಿದವರನ್ನು ಮಾತ್ರ. ಅದೇ ಕೋಣೆಯಲ್ಲಿ ರಾತ್ರಿ ಮಲಗುವ ಮಗುವಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಆದ್ದರಿಂದ ನಿಮ್ಮ ಈಗಿನ ಜಾಗದಲ್ಲಿ ಲ್ಯಾಕರ್ ಬೇಡ. ಮುಂದೆ ಬೇರೆ ಜಾಗ ಸಿಕ್ಕಿ, ಗಾಳಿಯನ್ನು ಹೊರಗೆ ಕಳಿಸುವ ವ್ಯವಸ್ಥೆಯಾದಾಗ ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳಬಹುದು.

ಹಾಗೆಂದು ನೀರು ಆಧಾರಿತ ಬಣ್ಣ ಸಂಪೂರ್ಣ ನಿರಪಾಯಕಾರಿ ಎಂದು ಭಾವಿಸಬೇಡಿ. ವಾಸನೆ ಕಡಿಮೆ ಎಂಬ ಕಾರಣಕ್ಕೆ ಎಷ್ಟೋ ಜನ ಮಾಸ್ಕ್ ಇಲ್ಲದೆ ಸಿಂಪಡಿಸುತ್ತಾರೆ, ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ಏರ್‌ಬ್ರಷ್ ಬಣ್ಣವನ್ನು ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಅದರಲ್ಲಿರುವುದು ಪ್ಲಾಸ್ಟಿಕ್ ರಾಳ ಮತ್ತು ವರ್ಣದ್ರವ್ಯ. ಕಣಗಳನ್ನು ತಡೆಯುವ ಒಳ್ಳೆಯ ಮಾಸ್ಕ್, ತೆರೆದ ಕಿಟಕಿ, ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಮೇಜನ್ನೂ ಸುತ್ತಲಿನ ನೆಲವನ್ನೂ ಒರೆಸುವ ಅಭ್ಯಾಸ ಇವೆಲ್ಲ ಅಗತ್ಯ. ಮಗು ಕೋಣೆಯಲ್ಲಿಲ್ಲದ ಹೊತ್ತನ್ನೇ ಆರಿಸಿಕೊಳ್ಳಿ.

ಇವೆರಡರ ನಡುವೆ ಒಂದು ದಾರಿಯಿದೆ. ತಮಿಯಾದ ಎಕ್ಸ್ ಮತ್ತು ಎಕ್ಸ್‌ಎಫ್ ಸರಣಿ ಹಾಗೂ ಮಿಸ್ಟರ್ ಹಾಬಿಯ ಆಕ್ವಿಯಸ್ ಬಣ್ಣಗಳ ಮೇಲೂ ಆಕ್ರಿಲಿಕ್ ಎಂದೇ ಬರೆದಿರುತ್ತದೆ, ಆದರೆ ಅವುಗಳಲ್ಲಿ ಆಲ್ಕೊಹಾಲ್ ಮತ್ತು ಅಂಥದೇ ದ್ರಾವಕಗಳಿವೆ. ವಯೆಹೊದಂಥ ನೀರು ಆಧಾರಿತ ಬಣ್ಣಗಳಿಗಿಂತ ಇವು ಏರ್‌ಬ್ರಷ್‌ನಲ್ಲಿ ಬಹಳ ಸುಲಭವಾಗಿ ಹರಿಯುತ್ತವೆ, ತುದಿಯಲ್ಲಿ ಕಟ್ಟುವುದೂ ಕಡಿಮೆ, ಪೊರೆಯೂ ಗಟ್ಟಿ. ಕುಂಚದಿಂದ ಹಚ್ಚಲು ಮಾತ್ರ ಇವು ಅಷ್ಟು ಒಗ್ಗುವುದಿಲ್ಲ. ಇವುಗಳ ವಾಸನೆ ಲ್ಯಾಕರ್‌ಗಿಂತ ಸೌಮ್ಯ, ಆದರೂ ಆವಿ ಇದ್ದೇ ಇದೆ. ಕಿಟಕಿಯ ಕಡೆಗೆ ಗಾಳಿ ಎಳೆಯುವ ವ್ಯವಸ್ಥೆಯೂ ಆವಿಯ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಕೂಡ ಬೇಕು, ಒಣಗುವ ಮಾಡೆಲ್ ಮಲಗುವ ಕೋಣೆಯ ಹೊರಗಿರಬೇಕು. ಇವನ್ನು ಲ್ಯಾಕರ್ ಥಿನ್ನರ್‌ನಲ್ಲಿ ತೆಳುಮಾಡಿದರೆ ಇನ್ನೂ ನಯವಾಗಿ ಬರುತ್ತವೆ ಎಂಬ ಮಾತನ್ನು ನೀವು ಕೇಳಿರಬಹುದು. ಅದು ನಿಜ, ಆದರೆ ಹಾಗೆ ಮಾಡಿದ ಕೂಡಲೇ ಮೇಲೆ ಹೇಳಿದ ಲ್ಯಾಕರ್‌ನ ಎಲ್ಲ ಅಪಾಯಗಳೂ ಬಟ್ಟಲಿಗೆ ಬಂದು ಸೇರುತ್ತವೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ತಮಿಯಾ ಬಣ್ಣಕ್ಕೆ ಹೊಂದುವ ಆಲ್ಕೊಹಾಲ್ ಅಥವಾ ಲ್ಯಾಕರ್ ಥಿನ್ನರನ್ನು ವಯೆಹೊ ಬಣ್ಣಕ್ಕೆ ಬೆರೆಸಿದರೆ ಅದು ನಾಜಲ್‌ನೊಳಗೇ ಗಟ್ಟಿಯಾಗಿ ಅಂಟಾಗಬಹುದು. ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಯಿಸುವಾಗ ನಡುವೆ ಏರ್‌ಬ್ರಷ್ಷನ್ನು ಚೆನ್ನಾಗಿ ತೊಳೆಯದಿದ್ದರೂ ಇದೇ ಗತಿ. ದುರಸ್ತಿಗೆ ಬರುವ, ಪೂರ್ತಿ ಮುಚ್ಚಿಹೋದ ನಾಜಲ್‌ಗಳ ಕಥೆ ಬಹುಮಟ್ಟಿಗೆ ಇದೇ ಆಗಿರುತ್ತದೆ. ಯಾವ ಬಣ್ಣವೋ ಆ ತಯಾರಕರದೇ ಥಿನ್ನರ್ ಎಂಬ ನಿಯಮವನ್ನು ಆರಂಭದಲ್ಲಿ ಬಿಗಿಯಾಗಿ ಪಾಲಿಸಿ.

ಈಗಿರುವ ಬಣ್ಣದಲ್ಲೇ ಮುಂದುವರಿಯುವುದಾದರೆ ಬದಲಿಸಬೇಕಾದ ಮೊದಲ ಸಂಗತಿ ಮಿಶ್ರಣ. ಏರ್‌ಬ್ರಷ್‌ಗೆಂದೇ ತಯಾರಿಸಿದ ಶೀಶೆಯ ಬಣ್ಣವನ್ನು ನೇರವಾಗಿ ಸುರಿಯಬಹುದು ಎಂದು ಬರೆದಿದ್ದರೂ, 0.3 ಸೂಜಿಗೆ ಅದು ಹಲವೊಮ್ಮೆ ದಪ್ಪವೇ. ಐದು ಭಾಗ ಬಣ್ಣಕ್ಕೆ ಒಂದೆರಡು ಭಾಗ ಅದೇ ಕಂಪನಿಯ ಥಿನ್ನರ್, ಕೆಲವು ಹನಿ ಫ್ಲೋ ಇಂಪ್ರೂವರ್ (ಬಣ್ಣ ಸರಾಗವಾಗಿ ಹರಿಯಲು ಬೆರೆಸುವ ದ್ರವ) ಸೇರಿಸಿ ನೋಡಿ. ಬಟ್ಟಲಿನ ಒಳಗೋಡೆಗೆ ಹಚ್ಚಿದಾಗ ಅದು ಹಾಲಿನಂತೆ ತೆಳು ಪೊರೆ ಉಳಿಸಿ ಜಾರಬೇಕು. ಗಾಳಿ ಒಣದಾಗಿ ಬಿಸಿಯಾಗಿರುವ ದಿನಗಳಲ್ಲಿ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಸಹಾಯ ಮಾಡುತ್ತದೆ, ಆದರೆ ಮಿಶ್ರಣದ ಹತ್ತನೆಯ ಒಂದು ಭಾಗವನ್ನು ದಾಟಬೇಡಿ: ಹೆಚ್ಚಾದರೆ ಪೊರೆ ದಿನಗಟ್ಟಲೆ ಮೆದುವಾಗಿಯೇ ಉಳಿದು ಟೇಪಿನ ಜೊತೆ ಎದ್ದು ಬರುತ್ತದೆ. ಬರೇ ನೀರಿನಿಂದ ತೆಳುಮಾಡುವುದನ್ನು ನಾನು ಒಪ್ಪುವುದಿಲ್ಲ. ನೀರಿನ ಮೇಲ್ಮೈ ಎಳೆತದಿಂದ ಬಣ್ಣ ಪ್ಲಾಸ್ಟಿಕ್ ಮೇಲೆ ಹರಡದೆ ಹನಿಗೂಡುತ್ತದೆ, ರಾಳವೂ ದುರ್ಬಲವಾಗುತ್ತದೆ.

ಒತ್ತಡವನ್ನು ಓದುವಾಗ ಒಂದು ಸೂಕ್ಷ್ಮವಿದೆ. ಗಾಳಿ ಹರಿಯದಿರುವಾಗ ಮಾಪಕ 20 ಪಿಎಸ್‌ಐ (ಗಾಳಿಯ ಒತ್ತಡದ ಏಕಮಾನ) ತೋರಿಸುತ್ತಿದ್ದರೂ, ಟ್ರಿಗರ್ ಒತ್ತಿದಾಗ ಅದು ಕೆಲವು ಪಿಎಸ್‌ಐ ಇಳಿಯುತ್ತದೆ. ಸಲಹೆಗಳಲ್ಲಿ ಬರುವ ಸಂಖ್ಯೆಗಳು ಯಾವ ಸ್ಥಿತಿಯವು ಎಂದು ಹೇಳದಿರುವುದರಿಂದ ಗೊಂದಲವಾಗುತ್ತದೆ. ಗಾಳಿ ಹರಿಯುತ್ತಿರುವಾಗಿನ ಓದನ್ನೇ ಲೆಕ್ಕಕ್ಕೆ ಹಿಡಿಯಿರಿ. ನೀರು ಆಧಾರಿತ ಬಣ್ಣದ ಸಾಮಾನ್ಯ ಕೆಲಸಕ್ಕೆ 15ರಿಂದ 20 ಪಿಎಸ್‌ಐ, ಅಂದರೆ ಸುಮಾರು 1ರಿಂದ 1.4 ಬಾರ್, ಸೂಕ್ತ. ಕಟ್ಟಿಕೊಂಡಾಗ ಒತ್ತಡ ಏರಿಸುವುದು ಎಲ್ಲರ ಮೊದಲ ಪ್ರತಿಕ್ರಿಯೆ. ಅದರಿಂದ ತುದಿ ಇನ್ನೂ ಬೇಗ ಒಣಗುತ್ತದೆ. ಬದಲಿಗೆ ಮಿಶ್ರಣವನ್ನು ತೆಳುಮಾಡಿ ಒತ್ತಡ ಇಳಿಸಿ. ಕೆಲಸದ ನಡುವೆ ಆಗಾಗ ಥಿನ್ನರ್‌ನಲ್ಲಿ ಅದ್ದಿದ ಮೆದು ಕುಂಚದಿಂದ ತುದಿಯನ್ನು ಮುಂದಕ್ಕೆ ಸವರಿ, ಒಂದು ಕ್ಷಣ ಬದಿಯ ಕಾಗದದ ಮೇಲೆ ಸಿಂಪಡಿಸಿ ಮುಂದುವರಿಯಿರಿ. ನೀರು ಆಧಾರಿತ ಬಣ್ಣದಲ್ಲಿ ಇದನ್ನು ಕೆಲಸದ ಭಾಗವೆಂದೇ ಒಪ್ಪಿಕೊಳ್ಳಬೇಕು. ಟ್ರಿಗರ್ ಬಿಡುವಾಗ ಮೊದಲು ಬಣ್ಣವನ್ನು, ಆಮೇಲೆ ಗಾಳಿಯನ್ನು ನಿಲ್ಲಿಸಿದರೆ ತುದಿಯಲ್ಲಿ ಹನಿ ಉಳಿಯುವುದಿಲ್ಲ, ನೀವು ಹೇಳಿದ ಆ ಚಿಮ್ಮುವಿಕೆಯೂ ಬಹುಮಟ್ಟಿಗೆ ನಿಲ್ಲುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಏರ್‌ಬ್ರಷ್ಷನ್ನೇ ಪರೀಕ್ಷಿಸಿ. ಬಟ್ಟಲಿಗೆ ಶುದ್ಧ ಥಿನ್ನರ್ ಮಾತ್ರ ಹಾಕಿ ಸಿಂಪಡಿಸಿ. ಬಟ್ಟಲಿನಲ್ಲಿ ಗುಳ್ಳೆ ಏಳುತ್ತಿದ್ದರೆ ನಾಜಲ್ ಸರಿಯಾಗಿ ಕೂತಿಲ್ಲ, ಅದರ ಸೀಲ್ ಹಾಳಾಗಿದೆ, ಇಲ್ಲವೇ ಒಳಗೆ ಒಣಗಿದ ಬಣ್ಣವಿದೆ. ಸಿಂಪಡಿಕೆ ಒಂದು ಬದಿಗೆ ವಾಲುತ್ತಿದ್ದರೆ ಸೂಜಿಯ ತುದಿ ಬಾಗಿರಬಹುದು. ಉಗುರಿನ ಮೇಲೆ ಹಗುರವಾಗಿ ತಿರುಗಿಸುತ್ತ ಎಳೆದರೆ ಕೊಕ್ಕೆಯಂತೆ ತಡೆಯುವುದು ಗೊತ್ತಾಗುತ್ತದೆ. ಸೂಜಿಯನ್ನು ಬಲವಾಗಿ ಮುಂದಕ್ಕೆ ತಳ್ಳುವವರ ನಾಜಲ್ ತುದಿಯಲ್ಲಿ ಸೀಳಿರುತ್ತದೆ, ಸೀಳಿದ 0.3 ನಾಜಲ್‌ನಿಂದ ಯಾವ ಬಣ್ಣವೂ ಸರಿಯಾಗಿ ಬರದು. ತಿರುಪಿನ ಸಣ್ಣ ನಾಜಲ್‌ಗಳನ್ನು ಬಿಗಿ ಮಾಡುವಾಗ ಬೆರಳ ತುದಿಯ ಬಲ ಸಾಕು, ಹೆಚ್ಚಾದರೆ ತಿರುಪು ಒಳಗೇ ಮುರಿದು ಉಳಿಯುತ್ತದೆ.

ಮಚ್ಚೆಗಳ ವಿಚಾರಕ್ಕೆ ಬರುತ್ತೇನೆ, ಇದು ನನಗೆ ಬಹಳ ಪ್ರಿಯವಾದ ವಿಷಯ. ಮೊದಲು ಲೆಕ್ಕ ಹಾಕಿ. ಮೆಸ್ಸರ್‌ಶ್ಮಿಟ್ ಬಿಎಫ್ 109ರ ಪಕ್ಕದಲ್ಲಿ 30 ಸೆಂ.ಮೀ. ಅಗಲದ ಒಂದು ಮಚ್ಚೆಯಿತ್ತು ಎಂದಿಟ್ಟುಕೊಂಡರೆ, 1/72ರಲ್ಲಿ ಅದು 4 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಮೂಲದಲ್ಲಿ ಅದರ ಮಸುಕು ಅಂಚು 5 ಸೆಂ.ಮೀ. ಇದ್ದರೆ ಮಾಡೆಲ್ ಮೇಲೆ ಅದು 0.7 ಮಿ.ಮೀ. ಮಾತ್ರ. 4 ಮಿ.ಮೀ. ಚುಕ್ಕೆ 0.3 ಸೂಜಿಗೆ ಕಷ್ಟವೇ ಅಲ್ಲ. ಕಷ್ಟವಿರುವುದು ಅಂಚನ್ನು ಒಂದು ಮಿ.ಮೀ. ಒಳಗೆ ಇಡುವುದರಲ್ಲಿ. ಅಂಚು ಅಗಲವಾಗುವುದು ಏರ್‌ಬ್ರಷ್ ದೂರದಲ್ಲಿದ್ದಾಗ, ಧೂಳಿನಂತಾಗುವುದು ಹನಿಗಳು ಮೇಲ್ಮೈ ತಲುಪುವ ಮೊದಲೇ ಒಣಗಿದಾಗ. ನೀವು ವಿವರಿಸಿದ್ದರಲ್ಲಿ ಎರಡೂ ಇವೆ. ಮಿಶ್ರಣವನ್ನು ಸಾಮಾನ್ಯ ಕೆಲಸಕ್ಕಿಂತ ಇನ್ನೂ ತೆಳುಮಾಡಿ, ಒತ್ತಡವನ್ನು 10ರಿಂದ 12 ಪಿಎಸ್‌ಐಗೆ ಇಳಿಸಿ, ಮೇಲ್ಮೈಯಿಂದ 1ರಿಂದ 2 ಸೆಂ.ಮೀ. ದೂರಕ್ಕೆ ಬನ್ನಿ. ಅಷ್ಟು ತೆಳು ಬಣ್ಣ ಒಂದೇ ಸಲಕ್ಕೆ ಮುಚ್ಚುವುದಿಲ್ಲ, ಮುಚ್ಚಲೂಬಾರದು. ಒಂದೊಂದು ಮಚ್ಚೆಯನ್ನು ಮೂರು ನಾಲ್ಕು ಮಸುಕು ಪದರಗಳಲ್ಲಿ, ನಡುವೆ ಒಣಗಲು ಬಿಟ್ಟು, ಒಳಗಿನಿಂದ ಹೊರಕ್ಕೆ ಬೆಳೆಸಬೇಕು. ಒಮ್ಮೆಗೇ ತುಂಬಲು ಹೋದರೆ ಗಾಳಿ ಹಸಿ ಬಣ್ಣವನ್ನು ಜೇಡರ ಕಾಲುಗಳಂತೆ ಸುತ್ತಲೂ ಓಡಿಸುತ್ತದೆ. ಟ್ರಿಗರ್ ಹಿಂದಕ್ಕೆ ಹೋಗುವುದನ್ನು ಮಿತಿಗೊಳಿಸುವ ತಿರುಪು ನಿಮ್ಮ ಏರ್‌ಬ್ರಷ್‌ನ ಹಿಡಿಯಲ್ಲಿದ್ದರೆ ಅದನ್ನು ಬಳಸಲು ಸಂಕೋಚ ಬೇಡ. ಸೂಜಿಯ ಮುಂದಿನ ಮುಚ್ಚಳವನ್ನು ಕೆಲವರು ತೆಗೆದಿಡುತ್ತಾರೆ, ಹತ್ತಿರದಿಂದ ಸಿಂಪಡಿಸುವಾಗ ಮರಳಿ ಬಡಿಯುವ ಗಾಳಿ ಅದರಿಂದ ಕಡಿಮೆಯಾಗುತ್ತದೆ. ಆದರೆ ಬೆತ್ತಲೆ ಸೂಜಿ ಮಾಡೆಲ್‌ಗೆ ತಾಗಿದರೆ ಬಾಗುತ್ತದೆ.

ನಿಮ್ಮ ಟ್ಯಾಂಕುಗಳಿಗೆ ಇದರ ವಿರುದ್ಧ ದಿಕ್ಕಿನ ಅಗತ್ಯವಿದೆ. 1/35ರ ಟ್ಯಾಂಕಿಗೆ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಾಕುವ ಪದರ) ಮತ್ತು ಮೂಲ ಬಣ್ಣ ಹಾಕಲು 0.4 ಅಥವಾ 0.5 ಸೂಜಿ ಬಹಳ ಅನುಕೂಲ, ಅದರಲ್ಲೂ ನೀರು ಆಧಾರಿತ ಪಾಲಿಯುರೆಥೇನ್ ಪ್ರೈಮರ್‌ಗಳು ಸಣ್ಣ ನಾಜಲ್‌ನಲ್ಲಿ ಸತಾಯಿಸುತ್ತವೆ. ಅವನ್ನು ಹೆಚ್ಚು ತೆಳುಮಾಡಿದರೆ ಅಂಟುವ ಗುಣ ಕೆಡುತ್ತದೆ, ಹಾಗಾಗಿ ದೊಡ್ಡ ರಂಧ್ರ, 25 ಪಿಎಸ್‌ಐ ಆಸುಪಾಸಿನ ಒತ್ತಡವೇ ಸರಿಯಾದ ದಾರಿ. ಹಣ ಖರ್ಚು ಮಾಡುವ ಮನಸ್ಸಿದ್ದರೆ ನಿಮ್ಮ ಸಂದರ್ಭದಲ್ಲಿ 0.2ಕ್ಕಿಂತ ಇದು ಎಷ್ಟೋ ಹೆಚ್ಚು ಉಪಯುಕ್ತ. ಆದರೆ ಸೂಜಿಯನ್ನಷ್ಟೇ ಕೊಂಡು ಹಳೆಯ ನಾಜಲ್‌ಗೆ ತೂರಿಸಬೇಡಿ. ಸೂಜಿ ಮತ್ತು ನಾಜಲ್ ಜೋಡಿಯಾಗಿ ಬದಲಾಗಬೇಕು, ಕೆಲವು ಮಾದರಿಗಳಲ್ಲಿ ಗಾಳಿಯ ಮುಚ್ಚಳವೂ ಬದಲಾಗಬೇಕು, ಮತ್ತು ಒಂದು ತಯಾರಕರ ಜೋಡಿ ಇನ್ನೊಬ್ಬರ ದೇಹಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ನಿಮ್ಮ ಮಾದರಿಗೆ ದೊಡ್ಡ ಜೋಡಿ ಸಿಗದಿದ್ದರೆ ಪ್ರೈಮರ್‌ಗೆಂದೇ ಸರಳವಾದ ಎರಡನೆಯ ಏರ್‌ಬ್ರಷ್ ಇಟ್ಟುಕೊಳ್ಳುವುದು ಒಳ್ಳೆಯದು.

ಎನಾಮೆಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು: ಅದು ನಿಧಾನವಾಗಿ ಒಣಗುವುದರಿಂದ ತುದಿ ಕಟ್ಟುವುದು ಅಪರೂಪ, ಆದರೆ ಒಂದು ದಿನಕ್ಕೂ ಹೆಚ್ಚು ಕಾಲ ಆವಿ ಬಿಡುತ್ತ ಕೂರುತ್ತದೆ, ನಿಮ್ಮ ಕೋಣೆಗೆ ಅದೂ ಸಲ್ಲ.

0.2 ಎಂದಾದರೂ ಬೇಕಾಗುತ್ತದೆಯೇ ಎಂದರೆ, ಬೇಕಾಗಬಹುದು. ಪ್ಲಾಸ್ಟಿಕ್ ಹಾಳೆಯ ಮೇಲೆ 0.3ರಲ್ಲಿ ಒಂದು ಮಿ.ಮೀ. ಅಗಲದ ಗೆರೆಯನ್ನು ಆರಂಭದಿಂದ ಕೊನೆಯವರೆಗೆ ಒಂದೇ ಸಮನೆ ಎಳೆಯಲು ನಿಮಗೆ ಸಾಧ್ಯವಾಗಿ, ಬಳಸುತ್ತಿರುವ ಬಣ್ಣ ತಮಿಯಾದಂಥದೋ ಲ್ಯಾಕರೋ ಆಗಿ, ಅಷ್ಟಾದ ಮೇಲೂ ಇಟಲಿಯ ವಿಮಾನಗಳ ಮೇಲಿನ ಸಣ್ಣ ಉಂಗುರಗಳಂಥ ವಿನ್ಯಾಸದಲ್ಲಿ ಕೈ ಸೋಲುತ್ತಿದ್ದರೆ, ಆಗ ನಿಮ್ಮ ಏರ್‌ಬ್ರಷ್‌ನ ತಯಾರಕರಿಂದಲೇ 0.2ರ ಪೂರ್ಣ ಜೋಡಿಯನ್ನು ತರಿಸಿಕೊಳ್ಳಿ. ಅಲ್ಲಿಯವರೆಗೆ ಆ ಹಣದಲ್ಲಿ 0.3ರದೇ ಒಂದು ಬದಲಿ ನಾಜಲ್, ಬದಲಿ ಸೂಜಿ, ನಿಮ್ಮ ಬಣ್ಣದ ತಯಾರಕರ ಥಿನ್ನರ್ ಮತ್ತು ಒಂದು ಒಳ್ಳೆಯ ಮಾಸ್ಕ್ ಕೊಳ್ಳಿ.